ಹೊಲಕ್ಕೂ ಬೇಕು ಒಂದು ಲೆಕ್ಕದ ಪುಸ್ತಕ

(ಸಂಘದ ವಾರ್ಷಿಕ ಸಭೆಯ ಅಂಗವಾಗಿ ಮೈಸೂರಿನ ಹೆಬ್ಬಾಳದಲ್ಲಿ ‘ಕೃಷಿಯಲ್ಲಿ ಗುಣಮಟ್ಟ ಮತ್ತು ಪರಿಸರ ನಿರ್ವಹಣೆ’ ಎಂಬ ವಿಷಯದ ಮೇಲೆ ನೀಡಿದ ಉಪನ್ಯಾಸದ ಲಿಖಿತ ರೂಪ)



ಆಹ್ವಾನ ಪತ್ರಿಕೆಯಲ್ಲಿ ವಿಷಯದ ಹೆಸರು ನೋಡಿದ ಗೆಳೆಯರೊಬ್ಬರು, “ಕೃಷಿಯ ಬಗ್ಗೆ ಮಾತನಾಡಬೇಕಾದದ್ದು ಬೆಂಗಳೂರಿನ ಹೆಬ್ಬಾಳದಲ್ಲಿ, ಅಲ್ಲಿ ಕೃಷಿ ಕಾಲೇಜಿತ್ತು. ನಮ್ಮ ಹೆಬ್ಬಾಳದಲ್ಲಿ ಇರುವುದು ಕಾರ್ಖಾನೆಗಳಲ್ಲವೇ?” ಎಂದು ನಕ್ಕರು. ಅವರ ಮಾತು ಸರಿಯೇ. ಆದರೆ ನಾನು ಈ ವಿಷಯವನ್ನು ಇಲ್ಲಿಯೇ ಹೇಳಬೇಕೆಂದು ಆರಿಸಿಕೊಂಡದ್ದಕ್ಕೂ ಅದೇ ಕಾರಣ. ನಮ್ಮ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ನಡೆದು ಹೋದರೆ ಗೇಟಿನ ಪಕ್ಕದಲ್ಲಿ ಐಎಸ್‌ಒ 9001, ಐಎಸ್‌ಒ 14001 ಎಂದು ಬರೆದ ಫಲಕಗಳು ಕಾಣಿಸುತ್ತವೆ. ನಿಮ್ಮಲ್ಲಿ ಎಷ್ಟೋ ಮಂದಿಯ ತಂದೆ, ಅಣ್ಣಂದಿರು ಆ ಗೇಟಿನೊಳಗೆ ದುಡಿಯುತ್ತಾರೆ. ನಾನೂ ಅಂಥ ಒಂದು ಕಡೆ ಗುಣಮಟ್ಟ ವಿಭಾಗದಲ್ಲಿ ಅನೇಕ ವರ್ಷ ಕೆಲಸ ಮಾಡಿದವನು. ಹಾಗೆಯೇ ನಮ್ಮಲ್ಲಿ ಬಹುಪಾಲು ಮಂದಿಗೆ ಹುಣಸೂರಿನಲ್ಲೋ, ಪಿರಿಯಾಪಟ್ಟಣದಲ್ಲೋ, ಹೆಗ್ಗಡದೇವನಕೋಟೆಯಲ್ಲೋ, ನಂಜನಗೂಡಿನಲ್ಲೋ ಒಂದೆರಡು ಎಕರೆ ಜಮೀನು ಇದ್ದೇ ಇದೆ. ಕಾರ್ಖಾನೆಯಲ್ಲಿ ಒಂದು ಬೋಲ್ಟಿಗೂ ಲೆಕ್ಕ ಬರೆಯುವ ನಾವು, ಊರಿನ ಆ ಜಮೀನಿನ ಬಗ್ಗೆ ಏನು ಬರೆದಿಟ್ಟಿದ್ದೇವೆ ಎಂಬುದೇ ಇಂದಿನ ನನ್ನ ಪ್ರಶ್ನೆ.

ಮೊದಲು ಆ ಫಲಕ ಏನು ಹೇಳುತ್ತದೆ ಎಂದು ನೋಡೋಣ. ಐಎಸ್‌ಒ 9001 ಗುಣಮಟ್ಟ ನಿರ್ವಹಣೆಗೆ ಸಂಬಂಧಿಸಿದ್ದು, 1987ರಲ್ಲಿ ಬಂದದ್ದು. ಐಎಸ್‌ಒ 14001 ಪರಿಸರ ನಿರ್ವಹಣೆಗೆ ಸಂಬಂಧಿಸಿದ್ದು. 1996ರಲ್ಲಿ ಮೊದಲು ಪ್ರಕಟವಾಗಿ 2004 ಮತ್ತು 2015ರಲ್ಲಿ ಪರಿಷ್ಕರಣೆಗೊಂಡಿತು. ಫಲಕ ಹಾಕಿದ ಕಾರ್ಖಾನೆಯಿಂದ ಹೊಗೆಯೇ ಬರುವುದಿಲ್ಲ ಎಂದು ಅರ್ಥವಲ್ಲ. ತನ್ನ ಕೆಲಸದಿಂದ ಗಾಳಿಗೆ, ನೀರಿಗೆ, ನೆಲಕ್ಕೆ ಏನೇನು ಆಗುತ್ತದೆ ಎಂದು ಆ ಸಂಸ್ಥೆ ಪಟ್ಟಿ ಮಾಡಿಕೊಂಡಿದೆ, ಅದಕ್ಕೆ ಅನ್ವಯಿಸುವ ಕಾನೂನುಗಳನ್ನು ಗುರುತಿಸಿಕೊಂಡಿದೆ, ಕಡಿಮೆ ಮಾಡಲು ಒಂದು ಗುರಿ ಇಟ್ಟುಕೊಂಡಿದೆ, ಅಳೆದು ಬರೆಯುತ್ತದೆ, ಬರೆದದ್ದನ್ನು ಹೊರಗಿನವರಿಗೆ ತೋರಿಸುತ್ತದೆ, ತಪ್ಪು ಕಂಡಲ್ಲಿ ತಿದ್ದಿಕೊಳ್ಳುತ್ತದೆ ಎಂದಷ್ಟೇ ಅರ್ಥ. ಯೋಜಿಸು, ಮಾಡು, ಪರಿಶೀಲಿಸು, ತಿದ್ದು ಎಂಬ ನಾಲ್ಕು ಹೆಜ್ಜೆಗಳ ಸುತ್ತು ಅದು. ಸುತ್ತು ನಿಂತರೆ ಫಲಕಕ್ಕೆ ಬೆಲೆಯಿಲ್ಲ. ತಪಾಸಣೆಯ ಹಿಂದಿನ ರಾತ್ರಿ ಮೂರು ತಿಂಗಳ ರಿಜಿಸ್ಟರನ್ನು ಒಂದೇ ಪೆನ್ನಿನಲ್ಲಿ ತುಂಬಿಸುವ ಕಲೆಯನ್ನು ಗುಣಮಟ್ಟ ವಿಭಾಗದವರು ಬಲ್ಲರು. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೂ ನಿಜವಾಗಿ ಬರೆದಿಟ್ಟ ಕಡೆ ಏನು ಲಾಭವಾಗುತ್ತದೆಂದೂ ನಾನು ಕಂಡಿದ್ದೇನೆ.

ಇದೇ ಪದ್ಧತಿಯನ್ನು ಹೊಲಕ್ಕೆ ತರುವ ಪ್ರಯತ್ನ ಹೊರದೇಶಗಳಲ್ಲಿ ಹಿಂದೆಯೇ ಆರಂಭವಾಯಿತು. ಆಸ್ಟ್ರೇಲಿಯಾ 2002ರಲ್ಲಿ ಕೃಷಿಗೆಂದೇ ಪರಿಸರ ನಿರ್ವಹಣಾ ವ್ಯವಸ್ಥೆಯ ರಾಷ್ಟ್ರೀಯ ಚೌಕಟ್ಟನ್ನು ರೂಪಿಸಿತು. ಯುರೋಪಿನ ದೊಡ್ಡ ಚಿಲ್ಲರೆ ಅಂಗಡಿಗಳವರು 1997ರಲ್ಲಿ ಯುರೆಪ್‌ಗ್ಯಾಪ್ ಎಂಬ ನಿಯಮಾವಳಿ ಮಾಡಿಕೊಂಡರು. 2007ರಿಂದ ಅದರ ಹೆಸರು ಗ್ಲೋಬಲ್‌ಗ್ಯಾಪ್. ‘ಉತ್ತಮ ಕೃಷಿ ಪದ್ಧತಿ’ ಎಂಬುದು ಅದರ ಸಾರ. ನಮ್ಮಲ್ಲಿಯೂ ಭಾರತೀಯ ಗುಣಮಟ್ಟ ಮಂಡಳಿಯ ಇಂಡ್‌ಗ್ಯಾಪ್ ಇದೆ. ಹೆಸರುಗಳು ಇಷ್ಟು ಸಾಕು. ಇವು ನಮ್ಮ ಮಣ್ಣಿಗೆ ಏನು ಸಂಬಂಧ ಎಂಬುದಕ್ಕೆ ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ.

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಮ್ಮ ಕುಟುಂಬದ ಎರಡು ಎಕರೆಯನ್ನು ಕೆಲವು ವರ್ಷಗಳ ಹಿಂದೆ ಶುಂಠಿ ಬೆಳೆಯಲು ಗುತ್ತಿಗೆಗೆ ಕೊಟ್ಟೆವು. ರಾಗಿ ಬೆಳೆದು ಎಷ್ಟೋ ವರ್ಷಗಳಲ್ಲಿ ಕಾಣದ ಹಣ ಮುಂಗಡವಾಗಿಯೇ ಕೈಗೆ ಬಂತು. ಅಮ್ಮ ಮಾತ್ರ, “ನೆಲ ಹೇಗೆ ವಾಪಸ್ ಕೊಡ್ತಾರೆ, ಕೇಳಿದ್ಯೇನಪ್ಪಾ?” ಎಂದು ಕೇಳಿದರು. ನಾನು ಕೇಳಿರಲಿಲ್ಲ. ಶುಂಠಿಗೆ ಕೊಳೆರೋಗ, ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗದ ಕಾಟ ಹೆಚ್ಚು. ರೋಗಾಣು ಮಣ್ಣಿನಲ್ಲಿ ಉಳಿಯುತ್ತದೆ. ಆದ್ದರಿಂದ ಒಂದೇ ನೆಲದಲ್ಲಿ ಮತ್ತೆ ಮತ್ತೆ ಶುಂಠಿ ಹಾಕುವುದಿಲ್ಲ, ಬೆಳೆಗಾರ ಹೊಸ ನೆಲ ಹುಡುಕಿಕೊಂಡು ಹೋಗುತ್ತಾನೆ. ಒಂದೂವರೆ ವರ್ಷದ ಅವಧಿ ಮುಗಿದು ಜಮೀನು ನಮ್ಮ ಕೈಗೆ ಬಂದಾಗ ಹಾಕಿದ ರಾಗಿ ಅಲ್ಲಲ್ಲಿ ಎದ್ದಿತು, ಅಲ್ಲಲ್ಲಿ ಹಳದಿಯಾಗಿ ನಿಂತಿತು. ಕೃಷಿ ಸಹಾಯಕರನ್ನು ಕರೆತಂದು ತೋರಿಸಿದೆ. ಅವರು ಮೂರು ಪ್ರಶ್ನೆ ಕೇಳಿದರು: ಏನು ಗೊಬ್ಬರ ಹಾಕಿದ್ದರು? ಏನು ಔಷಧಿ ಸುರಿದಿದ್ದರು? ಸುಣ್ಣ ಎಷ್ಟು ಬಿದ್ದಿದೆ? ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದು ಗುತ್ತಿಗೆ ಪತ್ರ ತೆಗೆದು ನೋಡಿದೆ. ಛಾಪಾ ಕಾಗದದಲ್ಲಿ ಬರೆದ ಪತ್ರ. ಬಾಡಿಗೆಯ ಕಂತು ಇತ್ತು, ಕೊಳವೆಬಾವಿಯ ಮಾತಿತ್ತು, ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯನ್ನು ಸುಸ್ಥಿತಿಯಲ್ಲಿ ಹಿಂದಿರುಗಿಸಬೇಕು ಎಂಬ ಷರತ್ತೂ ಇತ್ತು. ಮಣ್ಣಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಬೆಳೆಗಾರರನ್ನು ನಾನು ದೂರುವುದಿಲ್ಲ. ಪತ್ರದಲ್ಲಿ ಇದ್ದ ಎಲ್ಲ ಷರತ್ತನ್ನೂ ಅವರು ಪಾಲಿಸಿದ್ದರು. ಕೇಳದೆ ಇದ್ದದ್ದು ನಾವು. ಈ ಸಭೆಯಲ್ಲಿರುವ ಸದಸ್ಯರಲ್ಲಿ ಎಷ್ಟು ಮಂದಿಯ ಜಮೀನು ಇಂದು ಹೀಗೆ ಗುತ್ತಿಗೆಯಲ್ಲಿದೆ ಎಂದು ನಾನು ಕೈ ಎತ್ತಿಸುವುದಿಲ್ಲ.

ಬಾಂಧವರೇ, ಇದು ಕೇವಲ ತಂತ್ರಜ್ಞಾನದ ವಿಷಯವಲ್ಲ. ಭೂಮಿ ನಮ್ಮ ಸ್ವತ್ತಲ್ಲ, ನಮ್ಮ ಕೈಗೆ ಒಪ್ಪಿಸಿದ ಅಮಾನತ್ ಎಂದು ನಾವು ನಂಬುತ್ತೇವೆ. ಅಮಾನತ್ ಎಂದ ಮೇಲೆ ಲೆಕ್ಕ ಕೊಡಬೇಕು. ಪ್ರವಾದಿ ಮುಹಮ್ಮದ್ (ಸ) ಅವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಮೇಲೆ ಒಣಗಿದ್ದರೂ ಒಳಗೆ ತೇವವಿದ್ದುದನ್ನು ಕಂಡು ವ್ಯಾಪಾರಿಯನ್ನು ಪ್ರಶ್ನಿಸಿದ ಪ್ರಸಂಗವನ್ನು ಮದ್ರಸದ ಮಕ್ಕಳೂ ಬಲ್ಲರು. ಮೋಸ ಮಾಡುವವನು ನಮ್ಮವನಲ್ಲ ಎಂಬ ಎಚ್ಚರಿಕೆ ಬಂದದ್ದು ಆ ಸಂದರ್ಭದಲ್ಲಿ. ಇಂದಿನ ಭಾಷೆಯಲ್ಲಿ ಅದು ಗುಣಮಟ್ಟ ತಪಾಸಣೆಯೇ. ಈಗಿನ ರಾಶಿಯೊಳಗೆ ಅಡಗಿರುವುದು ತೇವವಲ್ಲ, ಕೀಟನಾಶಕದ ಉಳಿಕೆ. ಕೈ ಹಾಕಿದರೆ ಅದು ಸಿಗುವುದಿಲ್ಲ. ಅದಕ್ಕಾಗಿಯೇ ಬರೆದಿಟ್ಟ ಪುಸ್ತಕ ಬೇಕು, ಪ್ರಯೋಗಾಲಯ ಬೇಕು.

ಕುರ್‌ಆನಿನಲ್ಲಿ ಆಹಾರದ ವಿಷಯ ಬಂದಾಗ ಹಲಾಲ್ ಎಂಬ ಪದದ ಜೊತೆಗೆ ತಯ್ಯಿಬ್ ಎಂಬ ಪದವೂ ಬರುತ್ತದೆ. ಶುದ್ಧವಾದದ್ದು, ಹಿತವಾದದ್ದು ಎಂದು ಅರ್ಥ. ಹಲಾಲ್ ಮುದ್ರೆಯನ್ನು ನಾವು ಪೊಟ್ಟಣ ತಿರುಗಿಸಿ ಹುಡುಕುತ್ತೇವೆ. ತಯ್ಯಿಬ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡವರು ಕಡಿಮೆ ಎಂದೇ ನನ್ನ ಅಭಿಪ್ರಾಯ. ಇನ್ನು ಉಶ್ರ್ ವಿಷಯ ನೋಡಿ. ಮಳೆಯ ನೀರಿನಲ್ಲಿ ಬೆಳೆದ ಫಸಲಿಗೆ ಹತ್ತರಲ್ಲಿ ಒಂದು, ದುಡಿದು ನೀರೆತ್ತಿ ಬೆಳೆದದ್ದಕ್ಕೆ ಇಪ್ಪತ್ತರಲ್ಲಿ ಒಂದು. ಯಾವ ಜಮೀನಿಗೆ ಹೇಗೆ ಅನ್ವಯ ಎಂಬ ವಿವರವನ್ನು ಉಲಮಾಗಳಿಂದ ತಿಳಿಯಬೇಕು. ನನ್ನ ಗಮನ ಸೆಳೆದದ್ದು ಬೇರೆ: ಎಷ್ಟು ಬೆಳೆದೆ, ನೀರು ಎಲ್ಲಿಂದ ಬಂತು ಎಂದು ಅಳೆದು ಇಡದವನಿಗೆ ಈ ಲೆಕ್ಕ ಮಾಡಲು ಸಾಧ್ಯವೇ ಇಲ್ಲ.

ಈಗ ನಮ್ಮ ರಾಜ್ಯದ ಒಂದು ಬೆಳೆಯನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಮಿಡಿಸೌತೆ. ನಾವು ತಿನ್ನುವುದು ಅಪರೂಪ. ಯುರೋಪು, ಅಮೆರಿಕ, ರಷ್ಯಾಗಳಿಗೆ ಉಪ್ಪಿನಕಾಯಿಯಾಗಿ ಹೋಗುತ್ತದೆ. 1990ರ ದಶಕದಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಆರಂಭವಾದ ಈ ಕೃಷಿ ಮುಂದೆ ತಮಿಳುನಾಡು, ಆಂಧ್ರ, ತೆಲಂಗಾಣಗಳಿಗೆ ಹರಡಿತು. ಕೇಂದ್ರ ಸರ್ಕಾರದ ರಫ್ತು ಸಂಸ್ಥೆ ಅಪೆಡಾ ಪ್ರಕಟಿಸಿದ ಲೆಕ್ಕದಂತೆ 2020-21ರಲ್ಲಿ ಭಾರತದಿಂದ 2,23,515 ಟನ್ ಸೌತೆ ಮತ್ತು ಮಿಡಿಸೌತೆ ರಫ್ತಾಯಿತು, ಮೌಲ್ಯ 22.3 ಕೋಟಿ ಡಾಲರ್. ಬೆಳೆಯುವವರು ಸುಮಾರು 90,000 ಸಣ್ಣ, ಅತಿಸಣ್ಣ ರೈತರು. ನೆಲ 65,000 ಎಕರೆ. ಅಂದರೆ ತಲೆಗೆ ಒಂದು ಎಕರೆಯೂ ಇಲ್ಲ. ‘ಲೆಕ್ಕ ಪುಸ್ತಕ ದೊಡ್ಡ ರೈತರಿಗೆ, ನಮಗಲ್ಲ’ ಎನ್ನುವವರಿಗೆ ಇದು ಉತ್ತರ.

ಈ ಅರ್ಧ ಮುಕ್ಕಾಲು ಎಕರೆಯ ರೈತ ವಿದೇಶದ ಅಂಗಡಿಯನ್ನು ಹೇಗೆ ತಲುಪಿದ? ಬೀಜ ಎಲ್ಲಿಂದ ಬಂತು, ಯಾವ ದಿನ ಬಿತ್ತಿದ, ಯಾವ ಔಷಧಿಯನ್ನು ಎಷ್ಟು ನೀರಿಗೆ ಎಷ್ಟು ಬೆರೆಸಿದ, ಯಾರು ಸಿಂಪಡಿಸಿದರು, ಸಿಂಪಡಿಸಿದ ಎಷ್ಟು ದಿನಗಳ ನಂತರ ಕಿತ್ತ ಎಂಬುದೆಲ್ಲ ಬರೆದಿರಬೇಕು. ಕಂಪನಿಯ ಕ್ಷೇತ್ರ ಸಿಬ್ಬಂದಿ ಬಂದು ಪುಸ್ತಕ ನೋಡುತ್ತಾರೆ. ಕಾಯಿಯಲ್ಲಿ ಉಳಿಕೆ ಕಂಡರೆ ಸರಕು ತಿರಸ್ಕೃತವಾಗುತ್ತದೆ. ಹೆದರಿಕೆಯಿಂದಲೋ ಏನೋ, ಬೇಡದ ಔಷಧಿ ನಿಂತಿತು. ಖರ್ಚೂ ಕಡಿಮೆಯಾಯಿತು.

ಈಗ ಯೋಚಿಸಿ. ಅದೇ ರೈತ ಪಕ್ಕದ ಪಟ್ಟಿಯಲ್ಲಿ ಟೊಮೆಟೊ, ಹೂಕೋಸು ಬೆಳೆದು ಬಂಡಿಪಾಳ್ಯದ ಎಪಿಎಂಸಿಗೆ ತಂದರೆ ಯಾರೂ ಪುಸ್ತಕ ಕೇಳುವುದಿಲ್ಲ. ನಿನ್ನೆ ಸಂಜೆ ಔಷಧಿ ಹೊಡೆದು ಇಂದು ಬೆಳಿಗ್ಗೆ ಕಿತ್ತರೂ ಬೆಲೆ ಒಂದೇ. ಜರ್ಮನಿಯವರ ತಟ್ಟೆಗೆ ಹೋಗುವ ಕಾಯಿಗೆ ಪುಸ್ತಕವಿದೆ, ನಮ್ಮ ಮಕ್ಕಳ ತಟ್ಟೆಗೆ ಬರುವ ಕಾಯಿಗೆ ಇಲ್ಲ. ಇದನ್ನು ನಾವು ಒಪ್ಪಿಕೊಂಡು ಕುಳಿತಿರುವುದು ನನಗೆ ಸೋಜಿಗ.

ಹಾಗೆಂದು ರಫ್ತಿನ ಪದ್ಧತಿಯನ್ನು ಪೂರ್ತಿ ಹೊಗಳಲಾರೆ. ಕೊಳ್ಳುವವನು ಕೇಳಿದ್ದನ್ನು ಮಾತ್ರ ಬರೆದರೆ ಕೊಳ್ಳುವವನ ಹಿತವಷ್ಟೇ ಉಳಿಯುತ್ತದೆ. 2010ರಲ್ಲಿ ಯುರೋಪಿಗೆ ಹೋದ ನಮ್ಮ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ಬೆಳವಣಿಗೆ ನಿಯಂತ್ರಕದ ಉಳಿಕೆ ಕಂಡು ಕಂಟೇನರುಗಳು ಸಿಲುಕಿದವು. ತೋಟದಿಂದ ಪೆಟ್ಟಿಗೆಯವರೆಗೆ ಜಾಡು ಹಿಡಿಯುವ ಗ್ರೇಪ್‌ನೆಟ್ ವ್ಯವಸ್ಥೆ ಆಗಲೇ ಇತ್ತು. ಆದರೆ ಪರೀಕ್ಷಿಸಬೇಕಾದವುಗಳ ಪಟ್ಟಿಯಲ್ಲಿ ಆ ರಾಸಾಯನಿಕ ಇರಲಿಲ್ಲ. ಪಟ್ಟಿಯಲ್ಲಿ ಕೇಳಿದ್ದನ್ನಲ್ಲ, ಹೊಲದಲ್ಲಿ ಬಿದ್ದದ್ದನ್ನು ಬರೆಯಬೇಕು.

ನಮ್ಮ ಜಿಲ್ಲೆಯ ಹೊಗೆಸೊಪ್ಪು ಇದಕ್ಕೆ ಇನ್ನೂ ಹತ್ತಿರದ ಉದಾಹರಣೆ. 1976ರಲ್ಲಿ ತಂಬಾಕು ಮಂಡಳಿ ಬಂದ ಮೇಲೆ ಬೆಳೆಗಾರನಿಗೆ ನೋಂದಣಿ, ಬ್ಯಾರನ್ನಿಗೆ ಪರವಾನಗಿ, ಇಂತಿಷ್ಟೇ ಬೆಳೆಯಬೇಕೆಂಬ ಮಿತಿ, ಹರಾಜು ಮಾರುಕಟ್ಟೆಯಲ್ಲಿ ಎಲೆಯ ದರ್ಜೆ ಎಲ್ಲವೂ ವ್ಯವಸ್ಥಿತ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಇಷ್ಟು ಅಚ್ಚುಕಟ್ಟಾದ ಲೆಕ್ಕ ಬೇರೆ ಯಾವ ಬೆಳೆಗೂ ಇಲ್ಲ. ತಿನ್ನಲು ಬಾರದ, ಆರೋಗ್ಯ ಕೆಡಿಸುವ ಬೆಳೆಗೆ ಈ ಗೌರವ ಸಿಕ್ಕಿದೆ ಎಂಬುದು ಬೇರೆ ಮಾತು. ಎಲೆಯನ್ನು ಹದಗೊಳಿಸಲು ಬ್ಯಾರನ್ನಿನಲ್ಲಿ ಸೌದೆ ಉರಿಯುತ್ತದೆ. ಎಲೆಯ ಬಣ್ಣಕ್ಕೆ ಇರುವಷ್ಟು ಕಟ್ಟುನಿಟ್ಟಿನ ಲೆಕ್ಕ ಆ ಸೌದೆ ಯಾವ ಮರದ್ದು, ಎಷ್ಟು ಎಂಬುದಕ್ಕೆ ಬೆಳೆಗಾರರ ಮನೆಗಳಲ್ಲಿ ಇಲ್ಲ. ಗುಣಮಟ್ಟದ ಪುಸ್ತಕವಿದ್ದು ಪರಿಸರದ ಪುಟವಿಲ್ಲದಿದ್ದರೆ ಹೀಗಾಗುತ್ತದೆ.

ನಂಜನಗೂಡಿನ ರಸಬಾಳೆಯದು ದುಃಖದ ಕಥೆ. 2005-06ರ ಸಾಲಿನಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ಮೈಸೂರು ವೀಳ್ಯದೆಲೆಗೆ ಸಿಕ್ಕ ಹಾಗೆಯೇ. ಆದರೆ ಪನಾಮಾ ಸೊರಗು ರೋಗದಿಂದ ಹೊತ್ತಿಗಾಗಲೇ ತೋಟಗಳು ಕರಗುತ್ತಾ ಬಂದಿದ್ದವು. ಆ ರೋಗದ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಬದುಕಬಲ್ಲದು. ರೋಗದ ಬುಡದಿಂದ ತೆಗೆದ ಕಂದಿನಲ್ಲಿ, ಹರಿಯುವ ನೀರಿನಲ್ಲಿ, ಗುದ್ದಲಿಗೆ ಅಂಟಿದ ಮಣ್ಣಿನಲ್ಲಿ ಪಕ್ಕದ ತೋಟಕ್ಕೆ ಹೋಗುತ್ತದೆ. ಕಂದು ಯಾರ ತೋಟದಿಂದ ಬಂತು, ಆ ತೋಟದಲ್ಲಿ ರೋಗವಿತ್ತೇ, ಈ ನೆಲದಲ್ಲಿ ಹಿಂದೆ ಏನಿತ್ತು ಎಂಬ ಮೂರು ಸಾಲುಗಳನ್ನು ಆಗಿನಿಂದಲೇ ಬರೆದಿಟ್ಟಿದ್ದರೆ ರೋಗ ಬರುತ್ತಲೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಇಷ್ಟು ಬೇಗ ಊರೂರು ಸುತ್ತುತ್ತಿರಲಿಲ್ಲ. ಮಾನ್ಯತೆಯ ಪತ್ರ ಹೆಸರನ್ನು ಕಾಪಾಡುತ್ತದೆ, ಬುಡವನ್ನು ಕಾಪಾಡುವುದು ಅದರ ಕೆಲಸವಲ್ಲ.

ಹಾಗಾದರೆ ಪುಸ್ತಕದಲ್ಲಿ ಏನು ಬರೆಯಬೇಕು? ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು, ಏಕೆಂದರೆ ಬರೆಯುವವರು ನೀವೇ.

ಮೊದಲ ಪುಟ ಮಣ್ಣಿನದು. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ ಆರು ಅಂಗುಲ ಆಳ ಅಗೆದು, ಗುಂಡಿಯ ಬದಿಯಿಂದ ಮಣ್ಣು ಕೆರೆದು ತೆಗೆಯಿರಿ. ಬದುವಿನ ಹತ್ತಿರ, ಮರದಡಿ, ಗೊಬ್ಬರದ ಗುಡ್ಡೆಯಿದ್ದ ಜಾಗ ಬೇಡ. ಎಲ್ಲವನ್ನೂ ಬೆರೆಸಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಡುತ್ತಾ ಅರ್ಧ ಕಿಲೋಗೆ ಇಳಿಸಿ, ನೆರಳಿನಲ್ಲಿ ಒಣಗಿಸಿ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳು ಇರುತ್ತವೆ. ಅದಕ್ಕೂ ಮೊದಲು, 2009ರಲ್ಲಿ, ನಮ್ಮ ರಾಜ್ಯ ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ ‘ಭೂಚೇತನ’ ಯೋಜನೆ ಆರಂಭಿಸಿ ಮಣ್ಣು ಪರೀಕ್ಷೆ ಮಾಡಿಸಿದಾಗ ಬಹಳಷ್ಟು ಹೊಲಗಳಲ್ಲಿ ಸತು, ಬೋರಾನ್, ಗಂಧಕದ ಕೊರತೆ ಕಂಡಿತು. ರೈತ ಮಾತ್ರ ವರ್ಷ ವರ್ಷವೂ ಯೂರಿಯಾ, ಡಿಎಪಿ ಚೀಲ ಹೊರುತ್ತಿದ್ದ. ಇಲ್ಲದ್ದನ್ನು ಬಿಟ್ಟು ಇದ್ದದ್ದನ್ನೇ ಸುರಿದರೆ ಹಣವೂ ಹೋಯಿತು, ಮಣ್ಣೂ ಹೋಯಿತು. ಆ ಕಾರ್ಡನ್ನು ಬೀರುವಿನಲ್ಲಿ ಇಡಬೇಡಿ, ಪುಸ್ತಕಕ್ಕೆ ಅಂಟಿಸಿ.

ಎರಡನೆಯದು ನೀರು. ಕೊಳವೆಬಾವಿಯ ಆಳ, ಮೋಟಾರು ಓಡಿದ ಗಂಟೆ, ಬೇಸಿಗೆಯಲ್ಲಿ ಎಷ್ಟು ಹೊತ್ತಿಗೆ ನೀರು ನಿಂತಿತು, ಇಷ್ಟು ಸಾಕು. ನಾಲೆಯ ನೀರಿನವರು ತಮಗೆ ಈ ಪುಟ ಬೇಡವೆಂದುಕೊಳ್ಳಬಾರದು. ಅತಿಯಾಗಿ ನೀರು ನಿಲ್ಲಿಸಿ ಚೌಳಾದ ನೆಲ ಮಂಡ್ಯದ ಕಡೆ ಹೋದರೆ ಕಣ್ಣಿಗೆ ಬೀಳುತ್ತದೆ. ಹರಿಯುವ ನದಿಯ ದಂಡೆಯಲ್ಲಿ ಕುಳಿತು ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಕಲಿತವರು ನಾವು.

ಮೂರನೆಯ ಪುಟ ಔಷಧಿಯದು, ಇದೇ ಎಲ್ಲಕ್ಕಿಂತ ಮುಖ್ಯ. ಪ್ರತಿ ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಅತ್ಯಂತ ವಿಷಕಾರಿ. ನಂತರ ಹಳದಿ, ನೀಲಿ, ಹಸಿರು. ಓದು ಬಾರದ ತಂದೆಗೂ ಈ ಬಣ್ಣ ಕಲಿಸಬಹುದು. ಡಬ್ಬಿಯೊಳಗೆ ಮಡಿಸಿಟ್ಟ ಚೀಟಿಯಲ್ಲಿ, ಯಾವ ಬೆಳೆಗೆ, ಎಷ್ಟು ಪ್ರಮಾಣ, ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಕಾಯಬೇಕು ಎಂದು ಇರುತ್ತದೆ. ಅಕ್ಷರ ಇರುವೆಯಷ್ಟು ಸಣ್ಣದು. ಐವತ್ತು ದಾಟಿದ ರೈತನಿಗೆ ಕಾಣುವುದೇ ಇಲ್ಲ. ಎಸ್ಸೆಸ್ಸೆಲ್ಸಿ ಓದುವ ಮಗಳು ಅದನ್ನು ಓದಿ ಹೇಳಿ, ದಿನಾಂಕ ಸಹಿತ ಬರೆದರೆ ಆ ಮನೆಯಲ್ಲಿ ವ್ಯವಸ್ಥೆ ಆರಂಭವಾಯಿತು ಎಂದೇ ಅರ್ಥ. ಸಿಂಪಡಿಸಿದವರ ಹೆಸರನ್ನೂ ಬರೆಯಿರಿ. ಸಿಂಪಡಿಸುವವರು ಹೆಚ್ಚಾಗಿ ಕೂಲಿಯವರು. ಮುಖಕ್ಕೆ ಬಟ್ಟೆ ಇತ್ತೇ, ಕೈಗವಸು ಕೊಟ್ಟಿರಾ ಎಂದು ಪುಸ್ತಕ ಕೇಳಿದರೆ ಕೊಡುವ ಮನಸ್ಸು ಬರುತ್ತದೆ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿದು, ಡಬ್ಬಿಗೆ ತೂತು ಮಾಡಬೇಕು. ಅಂಥ ಡಬ್ಬಿಯಲ್ಲಿ ಕುಡಿಯುವ ನೀರು ಒಯ್ಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪ್ರಮಾಣಪತ್ರದ ಖರ್ಚಿನ ಬಗ್ಗೆ ಕೇಳುವವರಿಗೆ ಒಂದು ಮಾತು. ರಫ್ತಿಗೆ ಬೇಕಾದ ಸಾವಯವ ಪ್ರಮಾಣೀಕರಣ 2001ರ ರಾಷ್ಟ್ರೀಯ ಕಾರ್ಯಕ್ರಮದಡಿ ನಡೆಯುತ್ತದೆ. ನಮ್ಮ ರಾಜ್ಯದ ಬೀಜ ಮತ್ತು ಸಾವಯವ ಪ್ರಮಾಣೀಕರಣ ಸಂಸ್ಥೆಯೂ ಅದನ್ನು ಮಾಡುತ್ತದೆ. ಅದರಲ್ಲಿ ಶುಲ್ಕವಿದೆ, ವರ್ಷಗಟ್ಟಲೆ ಪರಿವರ್ತನೆಯ ಅವಧಿಯಿದೆ. ಒಬ್ಬಂಟಿ ಸಣ್ಣ ರೈತನಿಗೆ ಅದು ಭಾರ. ಗುಂಪಾಗಿ ಹೋದರೆ ಹಗುರ. ಸ್ಥಳೀಯ ಮಾರುಕಟ್ಟೆಗಾದರೆ 2011ರಿಂದ ಇರುವ ಪಿಜಿಎಸ್ ಪದ್ಧತಿ ಸಾಕು. ಒಂದೇ ಊರಿನ ಕನಿಷ್ಠ ಐದು ರೈತರು ಗುಂಪು ಕಟ್ಟಿ, ಒಬ್ಬರ ಹೊಲವನ್ನು ಇನ್ನೊಬ್ಬರು ತಪಾಸಣೆ ಮಾಡುತ್ತಾರೆ. ನೆರೆಯವನ ಕಣ್ಣಿಗೆ ಮಣ್ಣೆರಚುವುದು ಹೊರಗಿನ ತಪಾಸಕನಿಗೆ ಎರಚುವುದಕ್ಕಿಂತ ಕಷ್ಟ ಎಂಬುದು ನನ್ನ ಅನುಭವ.

ನಮ್ಮ ವಿದ್ಯಾರ್ಥಿಗಳಿಗೆ ಇದರಲ್ಲಿ ಉದ್ಯೋಗವೂ ಇದೆ. ಆಹಾರ ತಂತ್ರಜ್ಞಾನದ ದೇಶದ ಪ್ರಮುಖ ಸಂಸ್ಥೆ ಸಿಎಫ್‌ಟಿಆರ್‌ಐ 1950ರಿಂದ ನಮ್ಮ ಊರಿನಲ್ಲೇ ಇದೆ. ಅದರ ಕಾಂಪೌಂಡಿನ ಮುಂದೆ ದಿನವೂ ಬಸ್ಸಿನಲ್ಲಿ ಹಾದು ಹೋಗುತ್ತೇವೆ, ನಮ್ಮ ಎಷ್ಟು ಮಕ್ಕಳು ಅಲ್ಲಿನ ಪ್ರವೇಶ ಪರೀಕ್ಷೆ ಬರೆದಿದ್ದಾರೆ? ವಿಜ್ಞಾನ ಓದಿದವರೆಲ್ಲ ವೈದ್ಯರು, ಎಂಜಿನಿಯರುಗಳೇ ಆಗಬೇಕೆಂಬ ಹಟವನ್ನು ಪೋಷಕರು ಸ್ವಲ್ಪ ಸಡಿಲಿಸಬೇಕು.

ಗುತ್ತಿಗೆಗೆ ಜಮೀನು ಕೊಟ್ಟಿರುವ ಸದಸ್ಯರಲ್ಲಿ ನನ್ನ ಬೇಡಿಕೆ ಒಂದೇ. ಮುಂದಿನ ಪತ್ರಕ್ಕೆ ಒಂದು ಹಾಳೆ ಹೆಚ್ಚು ಸೇರಿಸಿ. ಕೊಡುವ ಮೊದಲು ಒಂದು ಮಣ್ಣು ಪರೀಕ್ಷೆ, ವಾಪಸಾಗುವಾಗ ಒಂದು. ತಿಂಗಳಿಗೊಮ್ಮೆ ಹಾಕಿದ್ದರ ಪಟ್ಟಿ. ಖಾಲಿ ಡಬ್ಬಿ, ಪ್ಲಾಸ್ಟಿಕ್ ಹೊತ್ತೊಯ್ಯುವ ಜವಾಬ್ದಾರಿ. ಬಾಡಿಗೆ ಸ್ವಲ್ಪ ಕಡಿಮೆ ಬರಬಹುದು. ನನಗೆ ಒಬ್ಬರು ಹಾಗೆಯೇ ಹೇಳಿ ಎದ್ದು ಹೋದರು, ಇನ್ನೊಬ್ಬರು ಒಪ್ಪಿದರು.

ನಮ್ಮ ಎರಡು ಎಕರೆಯ ಪುಸ್ತಕವನ್ನು ಇಂದು ತಂದಿದ್ದೇನೆ, ಸಭೆ ಮುಗಿದ ಮೇಲೆ ನೋಡಬಹುದು. ನೂರು ಪುಟದ ಸಾಮಾನ್ಯ ನೋಟ್‌ಬುಕ್. ಶುಂಠಿ ಇದ್ದ ಆ ಹದಿನೆಂಟು ತಿಂಗಳಿಗೆ ಮೊದಲ ಹಾಳೆಗಳನ್ನು ಖಾಲಿ ಬಿಟ್ಟಿದ್ದೇನೆ, ಬರೆಯಲು ಏನೂ ತಿಳಿಯದ ಕಾರಣ. ರಂಜಾನ್ ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಗಳು ಮಣ್ಣಿನ ಮಾದರಿ ತರುವುದಾದರೆ ಬಾಗಿಲ ಬಳಿಯ ಮೇಜಿನಲ್ಲಿ ಹೆಸರು, ಊರು, ಸರ್ವೆ ನಂಬರ್ ಬರೆಸಿ ಹೋಗಿ. ಬಟ್ಟೆಯ ಚೀಲಗಳನ್ನು ಅಲ್ಲಿಯೇ ಇಟ್ಟಿದ್ದೇವೆ. ಗೊಬ್ಬರದ ಹಳೆಯ ಚೀಲದಲ್ಲಿ ಮಾತ್ರ ತರಬೇಡಿ, ಪರೀಕ್ಷೆ ಕೆಡುತ್ತದೆ.